ಸ್ಟಾರ್ಟರ್ ಬೋರ್ಡಿಗೆ ಡಿಬಗ್ಗರ್ ಕೂರಿಸಿದ ನನ್ನ ಅನುಭವ

ದಾವಣಗೆರೆಯಲ್ಲಿ ನಾನು ಬೋರ್‌ವೆಲ್ ಮೋಟಾರಿಗೆ ಮೊಬೈಲ್ ಸ್ಟಾರ್ಟರ್ ಬೋರ್ಡ್ ಮಾಡುತ್ತೇನೆ. ಅದರಲ್ಲಿ ಎಸ್‌ಟಿಎಂ32ಎಫ್103 ಎಂಬ ಮೈಕ್ರೋಕಂಟ್ರೋಲರ್ ಚಿಪ್, ಪಕ್ಕದಲ್ಲಿ ಮೊಬೈಲ್ ನೆಟ್‌ವರ್ಕಿಗೆ ಸೇರಿಸುವ ಸಿಮ್ ಮೋಡೆಮ್. ಚನ್ನಗಿರಿ, ಹೊಳಲ್ಕೆರೆ ಕಡೆಯ ಅಡಿಕೆ ತೋಟಗಳಲ್ಲಿ ಹತ್ತಿರ ಹತ್ತಿರ 60 ಪೀಸ್ ಇವೆ. ಅದರಲ್ಲಿ ನಾಲ್ಕೈದು ಎರಡು ಮೂರು ದಿನಕ್ಕೊಮ್ಮೆ ಸುಮ್ನೆ ನಿಂತುಬಿಡುತ್ತಿದ್ದವು. ತ್ರೀ ಫೇಸ್ ರಾತ್ರಿ ಪಾಳಿ ಇದ್ದಾಗ ರೈತರ ಫೋನ್ ಬೆಳಗಿನ ಜಾವ ಮೂರಕ್ಕೇ ಬರುತ್ತಿತ್ತು. ಚಿಪ್ ಒಳಗೆ ಪ್ರೋಗ್ರಾಮ್ ಎಲ್ಲಿ ನಿಂತಿದೆ ಎಂದು ತೋರಿಸುವ ಡಿಬಗ್ಗರ್ ಹಾಕಿ ನೋಡಲು ಕೂತೆ.

"ಸೀರಿಯಲ್ ಪ್ರಿಂಟ್ ಹಾಕಿ ನೋಡೋ, ಕಪ್ಪು ಸ್ಕ್ರೀನ್ ಮುಂದೆ ಯಾಕೆ ಕೂತಿದೀಯ" ಅಂದರು ಗೆಳೆಯರು. "ಬೋರ್ಡ್ ಬದಲಿಸಿಬಿಡು" ಅಂದರು ವೈಂಡಿಂಗ್ ಅಂಗಡಿ ಅಣ್ಣ. ಕೋಡಿನ ನಡುವೆ ಮೆಸೇಜ್ ಕಳಿಸುವ ಪ್ರಿಂಟ್ ಹಾಕಿದರೆ ಟೈಮಿಂಗ್ ಬದಲಾಗಿ ತೊಂದರೆಯೇ ಕಾಣುತ್ತಿರಲಿಲ್ಲ. ಚಿಪ್ ಜೊತೆ ಮಾತಾಡುವ ಓಪನ್‌ಒಸಿಡಿ, ಡಿಬಗ್ಗರ್ ಆದ ಜಿಡಿಬಿ ಎಂಬ ಸಾಫ್ಟ್‌ವೇರ್‌ಗಳಲ್ಲೇ ಹಿಡಿಯುತ್ತೇನೆ ಎಂದು ಹಠ ಮಾಡಿದೆ.

ಮೊದಲ ಪೆಟ್ಟು ದುಡ್ಡಿಗೆ ಬಿತ್ತು. ಫೇಸ್ ವೋಲ್ಟೇಜ್ ಅಳೆಯಲು ವೋಲ್ಟೇಜ್ ಇಳಿಸುವ ರೆಸಿಸ್ಟರ್ ಡಿವೈಡರ್ ನೇರ ಹಾಕಿದ್ದೆ. ಅಂದರೆ ಬೋರ್ಡಿನ ಗ್ರೌಂಡ್ ಕರೆಂಟ್ ಲೈನಿಗೆ ಅಂಟಿಕೊಂಡೇ ಇದೆ. ಚಾರ್ಜರ್ ಹಾಕಿದ ಲ್ಯಾಪ್‌ಟಾಪಿಗೆ ಎಸ್‌ಟಿ-ಲಿಂಕ್ (ಲ್ಯಾಪ್‌ಟಾಪನ್ನು ಚಿಪ್ಪಿಗೆ ಸೇರಿಸುವ ಡಿಬಗ್ ಡಾಂಗಲ್) ಸಿಕ್ಕಿಸಿದೆ. ಟಪ್ ಅಂತ ಒಂದೇ ಸದ್ದು. ಲ್ಯಾಪ್‌ಟಾಪ್ ರಿಪೇರಿಗೆ ಸುಮಾರು 4500, ಕ್ಲೋನ್ ಎಸ್‌ಟಿ-ಲಿಂಕ್‌ಗೆ ಇನ್ನೊಂದು 350. ಆಮೇಲೆ ಮೂರೂ ಫೇಸ್ ಬಿಚ್ಚಿ, ಬೋರ್ಡಿಗೆ ಬೇರೆ ಅಡಾಪ್ಟರ್ ಕೊಟ್ಟು, ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲೇ ಇಟ್ಟು ಕೆಲಸ ಮಾಡಿದೆ.

ಆದರೂ ಟಾರ್ಗೆಟ್, ಅಂದರೆ ಬೋರ್ಡಿನ ಚಿಪ್, ಡಿಬಗ್ಗರ್‌ಗೆ ಸಿಗಲಿಲ್ಲ. ಒಂದು ಭಾನುವಾರ ಪೂರ್ತಿ ಹೋಯಿತು. ಚಿಪ್‌ನ ಪಿನ್ ಹೊಂದಿಸುವ ಕ್ಯೂಬ್‌ಎಂಎಕ್ಸ್ ಸಾಫ್ಟ್‌ವೇರ್‌ನಲ್ಲಿ ಸೀರಿಯಲ್ ವೈರ್ ಎಂಬ ಡಿಬಗ್ ಆಯ್ಕೆ ಹಾಕಿರಲಿಲ್ಲ. ಪ್ರೋಗ್ರಾಮ್ ಶುರುವಾದ ಕೂಡಲೇ ಡಿಬಗ್ ಪಿನ್ನುಗಳು ಬಂದ್. ರಿಸೆಟ್ ಒತ್ತಿ ಹಿಡಿದೇ ಕನೆಕ್ಟ್ ಆಗಬೇಕು. ಅದಕ್ಕೆ ಡಾಂಗಲ್‌ನ ರಿಸೆಟ್ ಪಿನ್ ನಂಬಿದೆ. ನನ್ನ ಕ್ಲೋನ್‌ನಲ್ಲಿ ಅದು ಎಸ್‌ಟಿಎಂ8 ಎಂಬ ಬೇರೆ ಚಿಪ್ಪಿಗೆ ಮಾತ್ರ, ಇದಕ್ಕೆ ಕೆಲಸವೇ ಮಾಡಲ್ಲ. ಕೊನೆಗೆ ಬೋರ್ಡಿನಲ್ಲಿರುವ ಚಿಪ್‌ನ ರಿಸೆಟ್ (ಎನ್‌ರಿಸೆಟ್) ಪ್ಯಾಡನ್ನು ವೈರ್ ತುದಿಯಿಂದ ಗ್ರೌಂಡಿಗೆ ಒತ್ತಿ, ಎಂಟರ್ ಹೊಡೆದು, ಕೈ ಬಿಟ್ಟೆ. ಆರನೆಯದೋ ಏಳನೆಯದೋ ಸಲಕ್ಕೆ ಚಿಪ್ ಹಾಲ್ಟ್ ಆಯಿತು, ಅಂದರೆ ಡಿಬಗ್ಗರ್ ಹೇಳಿದಂತೆ ನಿಂತಿತು. ಎಷ್ಟು ಹೊತ್ತಿಗೆ ಕೈ ಬಿಡಬೇಕು ಎಂಬ ಅಳತೆ ನನ್ನ ಹತ್ತಿರವೇ ಇರಲಿ. ಪಿನ್ ಸರಿಮಾಡಿದ ಹೊಸ ಕೋಡ್ ಒಮ್ಮೆ ಹತ್ತಿದ ಮೇಲೆ ಆ ಕಾಟ ಇಲ್ಲ. ವೈರ್ ಒಂದು ಗೇಣಿಗಿಂತ ಉದ್ದ ಇದ್ದರೆ ಡಿಬಗ್ ಸ್ಪೀಡ್ 240 ಕಿಲೋಹರ್ಟ್ಸ್‌ಗೆ ಇಳಿಸಿ.

ನಡುವೆ ರಾಸ್ಪ್‌ಬೆರಿ ಪೈ ಪಿಕೊ ಎಂಬ ಚಿಕ್ಕ ಬೋರ್ಡನ್ನೇ ಎಸ್‌ಟಿ-ಲಿಂಕ್ ಬದಲು ಪ್ರೋಬ್ ಮಾಡಿ ನೋಡಿದೆ. ಚೆನ್ನಾಗಿಯೇ ನಡೆಯಿತು. ಈಗ ಬ್ಯಾಗಿನಲ್ಲಿ ಅದೇ ಇರುತ್ತದೆ.

ಇನ್ನು ಹ್ಯಾಂಗ್ ಆಗುವುದನ್ನು ಟೇಬಲ್ ಮೇಲೆ ತರಿಸಬೇಕಲ್ವಾ? ಆಂಟೆನಾ ಬಿಚ್ಚಿದರೆ ಸಾಲಲಿಲ್ಲ, ಸಿಗ್ನಲ್ ಬಂದು ಹೋಗಿ ಆಗಬೇಕು. ಅಮ್ಮನ ಸ್ಟೀಲ್ ಅಕ್ಕಿ ಡಬ್ಬಿಯೊಳಗೆ ಆಂಟೆನಾ ಇಳಿಬಿಟ್ಟು ಮುಚ್ಚಳ ಹಾಕೋದು, ತೆಗೆಯೋದು. ಸುಮಾರು ನಲವತ್ತನೇ ಸಲಕ್ಕೆ ಬೋರ್ಡ್ ನಿಂತಿತು. ರಿಸೆಟ್ ಮಾಡದೆ ಓಪನ್‌ಒಸಿಡಿ ಓಡಿಸಿ, ಜಿಡಿಬಿಯಿಂದ 3333 ಪೋರ್ಟಿಗೆ ಸೇರಿ ಬ್ಯಾಕ್‌ಟ್ರೇಸ್ (ಪ್ರೋಗ್ರಾಮ್ ಯಾವ ಫಂಕ್ಷನ್ ದಾಟಿ ಎಲ್ಲಿ ನಿಂತಿದೆ ಎಂಬ ಪಟ್ಟಿ) ಕೇಳಿದೆ. ಮೂರೇ ಸಾಲು. ಮೋಡೆಮ್ ಉತ್ತರಕ್ಕೆ ಸುತ್ತುತ್ತಲೇ ಕಾಯುವ ವೈಲ್ ಲೂಪ್, ಅದಕ್ಕೆ ಟೈಮ್‌ಔಟೇ (ಇಷ್ಟೇ ಹೊತ್ತು ಕಾಯಬೇಕು ಎಂಬ ಮಿತಿ) ಇಲ್ಲ! ರಿಫ್ರೆಶ್ ನಿಂತರೆ ಚಿಪ್ಪನ್ನು ತಾನೇ ರಿಸೆಟ್ ಮಾಡುವ ವಾಚ್‌ಡಾಗನ್ನು ಟೈಮರ್ ಇಂಟರಪ್ಟ್‌ನಲ್ಲಿ ರಿಫ್ರೆಶ್ ಮಾಡುತ್ತಿದ್ದೆ. ಮೇನ್ ಲೂಪ್ ಸಿಕ್ಕಿಕೊಂಡರೂ ಇಂಟರಪ್ಟ್ ನಡೆಯುತ್ತಲೇ ಇರುತ್ತದೆ, ಹಾಗಾಗಿ ಅದೂ ರಿಸೆಟ್ ಮಾಡಿರಲಿಲ್ಲ.

ಎಂಟು ಸೆಕೆಂಡ್ ಟೈಮ್‌ಔಟ್ ಹಾಕಿದೆ. ವಾಚ್‌ಡಾಗ್ ರಿಫ್ರೆಶ್ ಮೇನ್ ಲೂಪಿಗೆ ತಂದೆ. ಬೈಕಿನಲ್ಲಿ ತೋಟ ತೋಟಕ್ಕೆ ಹೋಗಿ ಹೊಸ ಕೋಡ್ ಹತ್ತಿಸಿ ಬಂದೆ. ಐದು ತಿಂಗಳಾಯಿತು, ಒಂದೂ ನಿಂತಿಲ್ಲ. ಈಗ ಅದೇ ಅಣ್ಣ ಬೇರೆಯವರ ಬೋರ್ಡ್ ತಂದು ಕೊಡುತ್ತಾರೆ. ಒಳಗಿನ ಕೋಡ್ ಓದದಂತೆ ತಡೆಯುವ ರೀಡ್ ಪ್ರೊಟೆಕ್ಷನ್ ಇದ್ದರೆ ಮಾತ್ರ ವಾಪಸ್ ಕಳಿಸುತ್ತೇನೆ. ಅದನ್ನು ತೆಗೆದರೆ ಒಳಗಿನ ಪ್ರೋಗ್ರಾಮ್ ಪೂರ್ತಿ ಅಳಿಸಿಹೋಗುತ್ತದೆ.