ಅಮ್ಮನಿಗೆ ವಯಸ್ಸಾಯಿತು, ಥೈರಾಯ್ಡ್ ಮಾತ್ರೆಯ ಡೋಸ್ ಹಳೆಯದೇ ಇತ್ತು

ಉಡುಪಿಯ ನಮ್ಮ ಮನೆಯಲ್ಲಿ ಅಮ್ಮ ಇಪ್ಪತ್ತು ವರ್ಷ ದಿನಕ್ಕೆ 100 ಮೈಕ್ರೋಗ್ರಾಂ ಲೆವೊಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನಿನ ಕೊರತೆ ತುಂಬುವ ಮಾತ್ರೆ) ನುಂಗಿದರು. 71 ತುಂಬುವ ಹೊತ್ತಿಗೆ ತೂಕ ಇಳಿಯಿತು, ರಾತ್ರಿ ಎದೆ ಡವಡವ, ಕಾಫಿ ಲೋಟ ಹಿಡಿದ ಕೈಯಲ್ಲಿ ಸಣ್ಣ ನಡುಕ. ವಯಸ್ಸಿನದ್ದು ಅಂದುಕೊಂಡು ನಾನು ತಡಮಾಡಿದೆ, ನೀವು ಮಾಡಬೇಡಿ. ಟಿಎಸ್‌ಎಚ್ (ಹಾರ್ಮೋನು ಮಾಡು ಎಂದು ಥೈರಾಯ್ಡ್‌ಗೆ ಹೇಳುವ ಸಂಕೇತ, ರಕ್ತ ಪರೀಕ್ಷೆಯಲ್ಲಿ ಕಾಣುತ್ತದೆ; ಹಾರ್ಮೋನು ಹೆಚ್ಚಾದರೆ ಇದು ಇಳಿಯುತ್ತದೆ) ತೀರಾ ಕೆಳಗಿತ್ತು, ಅಂದರೆ ಮಾತ್ರೆ ಹೆಚ್ಚಾಗಿತ್ತು. ಡಾಕ್ಟ್ರು 75ಕ್ಕೆ ಇಳಿಸಿದರು.

ವಯಸ್ಸಾದಂತೆ ದೇಹ ಈ ಹಾರ್ಮೋನನ್ನು ನಿಧಾನವಾಗಿ ಖರ್ಚು ಮಾಡುತ್ತದೆ, ಮೈತೂಕವೂ ಇಳಿಯಬಹುದು. ಹಾಗಾಗಿ ಹಳೆಯ ಡೋಸೇ ಜಾಸ್ತಿಯಾಗುತ್ತದೆ. ಜಾಸ್ತಿಯಾದರೆ ಹೃದಯದ ಬಡಿತ ಹದ ತಪ್ಪಬಹುದು, ಮೂಳೆ ಸವೆಯಬಹುದು. ಇನ್ನೊಂದು ಮಾತು: ಹಿರಿಯರಲ್ಲಿ ಟಿಎಸ್‌ಎಚ್ ತುಸು ಮೇಲಿರುವುದು ಸಹಜ. ರಿಪೋರ್ಟಿನಲ್ಲಿ ಸಣ್ಣ ಏರಿಕೆ ಕಂಡ ಕೂಡಲೇ ಡೋಸ್ ಏರಿಸಿ ಎಂದು ಒತ್ತಾಯಿಸಬೇಡಿ.

ಡೋಸ್ ಬದಲಾದರೆ 6ರಿಂದ 8 ವಾರ ಬಿಟ್ಟು ರಕ್ತ ಪರೀಕ್ಷೆ, ಆಮೇಲೆ ವರ್ಷಕ್ಕೊಮ್ಮೆಯಾದರೂ. ಡಾಕ್ಟ್ರನ್ನು ಕೇಳದೆ ನೀವಾಗಿಯೇ ಕಡಿಮೆ ಮಾಡುವುದು, ನಿಲ್ಲಿಸುವುದು ಬೇಡವೇ ಬೇಡ.

ಬೆಳಿಗ್ಗೆ ಖಾಲಿ ಹೊಟ್ಟೆಗೆ ನೀರಿನಲ್ಲಿ ಮಾತ್ರೆ. ಅರ್ಧದಿಂದ ಒಂದು ಗಂಟೆ ಕಳೆದು ಕಾಫಿ, ನೀರುದೋಸೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ 4 ಗಂಟೆ ಅಂತರ ಬೇಕು. ಅಮ್ಮ ಕ್ಯಾಲ್ಸಿಯಂ ಮಧ್ಯಾಹ್ನ ಊಟದ ಜೊತೆ ತೆಗೆದುಕೊಳ್ಳುತ್ತಾರೆ. ನಮ್ಮ ಮಳೆಗಾಲದ ತೇವಕ್ಕೆ ಬಾಟಲಿಯ ಮುಚ್ಚಳ ಬಿಗಿಯಾಗಿರಲಿ.