ಗೆಕ್ಕೊ ಮನೆಗೆ ಬಂತಾ? ಎರಡು ವಾರ ಮುಟ್ಟಬೇಡಿ

ಲೆಪರ್ಡ್ ಗೆಕ್ಕೊ ಎಂಬ ಸಾಕುಹಲ್ಲಿ ಮನೆಗೆ ಬಂದ ದಿನ ಎಲ್ಲರಿಗೂ ಅದನ್ನು ಕೈಯಲ್ಲಿ ಹಿಡಿಯುವ ಆಸೆ. ಅದಕ್ಕೋ, ಎಲ್ಲಾದರೂ ಅವಿತುಕೊಂಡರೆ ಸಾಕು ಅನಿಸಿರುತ್ತದೆ. ಅವಿತುಕೊಳ್ಳಲಿ, ಬಿಡಿ. ಸುರಕ್ಷಿತ ಮೂಲೆ ಸಿಕ್ಕ ಹಲ್ಲಿಯೇ ಬೇಗ ಧೈರ್ಯ ಮಾಡಿ ಹೊರಗೆ ಬರುವುದು.

ಗೆಕ್ಕೊ ಬರುವ ಮೊದಲೇ ಅದು ಇರುವ ಗಾಜಿನ ಟ್ಯಾಂಕ್ ಸಿದ್ಧವಿರಬೇಕು. ಇದರ ಮೈ ತಾನಾಗಿ ಬಿಸಿಯಾಗುವುದಿಲ್ಲ, ಶಾಖ ಹೊರಗಿನಿಂದಲೇ ಸಿಗಬೇಕು. ಸಾಕಷ್ಟು ಶಾಖವಿಲ್ಲದಿದ್ದರೆ ತಿಂದದ್ದು ಅರಗುವುದೂ ಇಲ್ಲ. ಹಾಗಾಗಿ ಟ್ಯಾಂಕಿನ ಒಂದು ತುದಿ ಬೆಚ್ಚಗಿರಲಿ, ಇನ್ನೊಂದು ತಂಪಾಗಿರಲಿ. ಬೆಚ್ಚಗಿನ ಕಡೆ ನೆಲದ ಮೇಲೆ 31ರಿಂದ 33 ಡಿಗ್ರಿ ಸೆಲ್ಸಿಯಸ್, ತಂಪು ಕಡೆ 24ರಿಂದ 26 ಡಿಗ್ರಿ ಇದ್ದರೆ ಸರಿ. ಕರೆಂಟಿನಿಂದ ಕಾಯುವ ಹೀಟ್ ಮ್ಯಾಟ್ ಇಟ್ಟರೆ, ಶಾಖ ಮಿತಿ ಮೀರದಂತೆ ತಡೆಯುವ ಥರ್ಮೋಸ್ಟಾಟ್ ಬೇಕೇ ಬೇಕು. ಅದಿಲ್ಲದೆ ಮ್ಯಾಟ್ ವಿಪರೀತ ಕಾದು ಹೊಟ್ಟೆಯ ಚರ್ಮ ಸುಡಬಹುದು. ಕೈಯಿಟ್ಟು ಅಂದಾಜು ಮಾಡಬೇಡಿ. ಡಿಜಿಟಲ್ ಥರ್ಮಾಮೀಟರಿನ ತುದಿಯನ್ನು ಗೆಕ್ಕೊ ಮಲಗುವ ಜಾಗದಲ್ಲೇ ಇಟ್ಟು, ಒಂದು ಇಡೀ ದಿನ ಗಮನಿಸಿ.

ಇನ್ನು ಅಡಗುತಾಣಗಳು. ಒಂದು ಸಾಲದು, ಮೂರು ಬೇಕು. ಬೆಚ್ಚಗಿನ ಕಡೆ ಒಂದು, ತಂಪು ಕಡೆ ಒಂದು. ಒಂದೇ ಇಟ್ಟರೆ ಭಯಪಟ್ಟ ಹಲ್ಲಿ ಮೈಗೆ ಬೇಕಾದ ಶಾಖವನ್ನೂ ಬಿಟ್ಟು ಅಲ್ಲೇ ಕೂತುಬಿಡುತ್ತದೆ. ಮೂರನೆಯದು ತೇವದ ಗೂಡು. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಗೆ ಪಕ್ಕದಲ್ಲಿ ತೂತು ಕೊರೆದು, ಅಂಚು ನಯ ಮಾಡಿ, ಒಳಗೆ ಒದ್ದೆ ಟಿಶ್ಯೂ ಹಾಕಿದರೆ ಆಯಿತು. ಪೊರೆ ಬಿಡುವಾಗ ಗೆಕ್ಕೊ ಇಲ್ಲಿಗೇ ಬರುತ್ತದೆ. ಮೈ ಬಿಳಿಚಿಕೊಂಡು, ಬೂದಿ ಬಳಿದಂತಾಗುತ್ತದೆ. ಆಮೇಲೆ ಬಾಯಿಂದಲೇ ಪೊರೆ ಎಳೆದು, ಅದನ್ನೇ ತಿಂದುಬಿಡುತ್ತದೆ! ಮರುದಿನ ಕಾಲ್ಬೆರಳುಗಳನ್ನು ನೋಡಿ. ತುದಿಯಲ್ಲಿ ಪೊರೆ ದಾರದಂತೆ ಸುತ್ತಿಕೊಂಡು ಉಳಿದರೆ ರಕ್ತ ಓಡದೆ ಬೆರಳೇ ಉದುರಬಹುದು.

ನೆಲಕ್ಕೆ ಸದ್ಯಕ್ಕೆ ಟಿಶ್ಯೂ ಪೇಪರ್ ಸಾಕು. ಹಿಕ್ಕೆ ಹೇಗಿದೆ ಅಂತ ಸುಲಭವಾಗಿ ಕಾಣುತ್ತದೆ. ಸಡಿಲ ಮರಳು ಬೇಡ, ಬೇಟೆಯ ಜೊತೆ ಹೊಟ್ಟೆಗೆ ಹೋಗಿ ಕಟ್ಟಿಕೊಳ್ಳಬಹುದು.

ಮೊದಲ ಮೂರು ದಿನ ನೀರು ಬದಲಿಸುವುದಕ್ಕೆ ಬಿಟ್ಟರೆ ಟ್ಯಾಂಕಿಗೆ ಕೈ ಹಾಕಬೇಡಿ. ಗಾಜು ತಟ್ಟಬೇಡಿ. ಮೂರು ಬದಿಗೆ ಹೊರಗಿನಿಂದ ಕಾಗದ ಅಂಟಿಸಿದರೆ ಓಡಾಟ ಕಾಣದೆ ಗೆಕ್ಕೊ ಬೇಗ ಶಾಂತವಾಗುತ್ತದೆ. ರಾತ್ರಿ ಪೂರ್ತಿ ಕತ್ತಲೆ ಇರಲಿ, ಕೆಂಪು ಬಲ್ಬೂ ಬೇಡ. ನಾನು ಮೊದಲ ಸಲ ಸಾಕಿದಾಗ ದಿನಕ್ಕೆ ನಾಲ್ಕು ಸಲ ಅಡಗುತಾಣ ಎತ್ತಿ ನೋಡುತ್ತಿದ್ದೆ. ಆರು ದಿನ ಅದು ಏನನ್ನೂ ಮುಟ್ಟಲಿಲ್ಲ. ಎತ್ತುವುದನ್ನು ನಿಲ್ಲಿಸಿದ ಎರಡನೇ ರಾತ್ರಿ ತಿಂದಿತು.

ಊಟ ಸಂಜೆಗೇ ಕೊಡಿ, ಆಗಲೇ ಅದು ಚುರುಕಾಗುವುದು. ಚಿಮ್ಮಂಡೆ ಅಥವಾ ಮೀಲ್‌ವರ್ಮ್ ಹುಳುವಿನ ಗಾತ್ರ ಅದರ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ಜಾಸ್ತಿ ಇರಬಾರದು. ಹುಳುವಿಗೆ ಕ್ಯಾಲ್ಸಿಯಂ ಪುಡಿ ಸವರಿ. ಗೆಕ್ಕೊ ತಲೆ ತಗ್ಗಿಸಿ, ಬಾಲದ ತುದಿ ಅಲ್ಲಾಡಿಸಿತೋ, ಇನ್ನೇನು ಹಾರಿ ಹಿಡಿಯುತ್ತದೆ. ತಿನ್ನದೆ ಬಿಟ್ಟ ಚಿಮ್ಮಂಡೆಯನ್ನು ನೀವು ಮಲಗುವ ಮೊದಲು ತೆಗೆದುಬಿಡಿ, ಅದು ಗೆಕ್ಕೊವನ್ನೇ ಕಚ್ಚಬಹುದು.

ಒಂದು ವಾರ ತಿನ್ನಲಿಲ್ಲ ಅಂದ ಮಾತ್ರಕ್ಕೆ ಹೆದರಬೇಡಿ. ದೊಡ್ಡ ಗೆಕ್ಕೊ ಬಾಲದಲ್ಲಿ ಕೊಬ್ಬು ಕೂಡಿಟ್ಟಿರುತ್ತದೆ. ಮರಿಗಳಿಗೆ ಅಷ್ಟು ತಾಳುವ ಶಕ್ತಿ ಇರುವುದಿಲ್ಲ. ವಾರಕ್ಕೊಮ್ಮೆ ಡಬ್ಬಿಯಲ್ಲಿಟ್ಟು ತೂಕ ನೋಡಿ. ಬಾಲ ಸೊರಗುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ಹಿಕ್ಕೆ ನೀರಾಗಿದ್ದರೆ ಸರೀಸೃಪಗಳನ್ನು ನೋಡುವ ಪಶುವೈದ್ಯರ ಹತ್ತಿರ ಹೋಗಿ.

ಸರಿಯಾಗಿ ತಿನ್ನಲು ಶುರು ಮಾಡಿದ ಮೇಲೆ, ಸುಮಾರು ಎರಡು ವಾರಕ್ಕೆ, ಕೈ ಒಳಗಿಟ್ಟು ಸುಮ್ನೆ ಕಾಯಿರಿ. ಮೇಲಿನಿಂದ ಹಿಡಿಯಬೇಡಿ, ಅದಕ್ಕೆ ಹದ್ದು ಎರಗಿದಂತೆ. ಬಾಲ ಹಿಡಿದರೆ ಕಳಚಿ ಕೈಗೇ ಬರಬಹುದು. ಅದು ಹತ್ತಿರ ಬಂದು ನಾಲಿಗೆಯಿಂದ ನಿಮ್ಮ ಬೆರಳು ನೆಕ್ಕಿ ನೋಡುತ್ತದೆ. ಅಂದಿಗೆ ಅಷ್ಟೇ ಸಾಕು. ಕೈ ಹೊರಗೆ ತೆಗೆದು ಸೋಪಿನಿಂದ ತೊಳೆದುಕೊಳ್ಳಿ. ಆರೋಗ್ಯವಾಗಿರುವ ಹಲ್ಲಿಯ ಮೈಯಲ್ಲೂ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು.