ಸ್ಮ್ಯಾಷರ್ ಆಗಿದ್ದವನು ಲಿಬೆರೋ ಆದಾಗ

ಒಂಬತ್ತನೇ ಕ್ಲಾಸಿನವರೆಗೆ ನಾನು ವಾಲಿಬಾಲ್‌ನಲ್ಲಿ ಸ್ಮ್ಯಾಷರ್. ಆಮೇಲೆ ಉಳಿದವರೆಲ್ಲ ಉದ್ದ ಬೆಳೆದರು, ನಾನು ಬೆಳೆಯಲಿಲ್ಲ. ಗಂಡಸರ ನೆಟ್ 2.43 ಮೀಟರ್ ಎತ್ತರ, ಅಲ್ವಾ? ಕೋಚ್ ಬೇರೆ ಬಣ್ಣದ ಜರ್ಸಿ ಕೊಟ್ಟು ಲಿಬೆರೋ, ಅಂದರೆ ಹಿಂದೆ ನಿಂತು ಚೆಂಡು ಎತ್ತುವ ಆಟಗಾರ, ಮಾಡಿದರು. ಬ್ಲಾಕ್ ಮಾಡುವಂತಿಲ್ಲ, ನೆಟ್‌ಗಿಂತ ಮೇಲಿರುವ ಚೆಂಡನ್ನು ಹೊಡೆಯುವಂತಿಲ್ಲ. ಎರಡು ದಿನ ಮುಖ ಊದಿಸಿಕೊಂಡಿದ್ದೆ.

ಎದುರಿನವರ ಸರ್ವಿಸ್ ಎತ್ತಿದರೆ ಚೆಂಡು, ಸ್ಮ್ಯಾಷ್‌ಗೆ ಎತ್ತಿಕೊಡುವ ಸೆಟ್ಟರ್ ಹತ್ತಿರ ಹೋಗದೆ ನನ್ನ ತಲೆ ಮೇಲಿಂದ ಹಿಂದಕ್ಕೆ ಹಾರುತ್ತಿತ್ತು. ತಂಗಿ ಮೊಬೈಲಿನಲ್ಲಿ ವಿಡಿಯೊ ಮಾಡಿದಾಗ ಗೊತ್ತಾಯಿತು, ಹಳೇ ಚಾಳಿ ಬಿಟ್ಟಿರಲಿಲ್ಲ. ನೆಟ್ಟಗೆ ನಿಂತು ಕೈ ಮೇಲಕ್ಕೆ ಬೀಸುತ್ತಿದ್ದೆ. ಕೈ ಭುಜದ ಮಟ್ಟ ದಾಟಿದರೆ ಚೆಂಡು ಹಿಂದಕ್ಕೇ ತಾನೇ ಹೋಗೋದು!

ಶಿರಸಿ ಹತ್ತಿರದ ನಮ್ಮ ಮನೆ ಅಂಗಳದಲ್ಲಿ, ಅಡಿಕೆ ಹರವಿದ ಜಾಗ ಬಿಟ್ಟು, ಕೊಟ್ಟಿಗೆ ಗೋಡೆಗೆ ದಿನಾ 100 ಸಲ ಆಡಿದೆ. “ತಮಾ, ಅಡಿಕೆ ಮೇಲೆ ಬಿದ್ರೆ ನೋಡು!” ಅಂತ ಆಯಿ ಒಳಗಿಂದಲೇ ಕೂಗುತ್ತಿದ್ದಳು. ಮೊಣಕಾಲು ಬಗ್ಗಿಸಬೇಕು. ಮೊದಲು ಕಾಲು ಸರಿಸಿ, ಆಮೇಲೆ ಕೈ ಜೋಡಿಸಬೇಕು. ಕೈ ಬೀಸಬಾರದು, ಹಲಗೆ ಹಾಗೆ ಹಿಡಿಯಬೇಕು. ಚೆಂಡು ಮಣಿಕಟ್ಟಿಗಿಂತ ಸ್ವಲ್ಪ ಮೇಲೆ ತಾಗಬೇಕು. ಎತ್ತುವ ಕೆಲಸ ಕಾಲಿನದು.

ಮೂರು ವಾರದ ಮೇಲೆ ಹತ್ತರಲ್ಲಿ ಏಳು ಚೆಂಡು ಸೆಟ್ಟರ್ ಕೈಗೆ ಹೋಗತೊಡಗಿದವು. ಓಲಾಡುತ್ತಾ ಬರುವ ಫ್ಲೋಟ್ ಸರ್ವಿಸ್ ಮಾತ್ರ ಈಗಲೂ ಕಾಡುತ್ತದೆ. ಎರಡು ಸಲ ಅಡಿಕೆ ಚೆಲ್ಲಿದ್ದು ಆಯಿಗೆ ಇನ್ನೂ ಮರೆತಿಲ್ಲ.